ಅರ ಹಾಕಿದರೂ ಚೈನ್ ಸಾ ಹುಡಿ ಉದುರಿಸುತ್ತಿದ್ದರೆ

ಹೊಸನಗರದ ಕಡೆ ಅಕೇಶಿಯಾ ದಿಮ್ಮಿ ಕೊಯ್ಯುವಾಗ, ಈಗಷ್ಟೇ ಅರ ಹಾಕಿದ ಚೈನೂ ನಿಧಾನ, ಬರೀ ಹುಡಿ ಬರುತ್ತದೆ ಅಂತ ಕೇಳಿದ್ದೀರಿ. ಹಲ್ಲು ನಿಜಕ್ಕೂ ಚೂಪಾಗಿದ್ದರೆ ನನ್ನ ಅನುಮಾನ ಡೆಪ್ತ್ ಗೇಜ್ ಮೇಲೆ. ಹಲ್ಲಿನ ಮುಂದೆ ಗಿಡ್ಡ ಉಬ್ಬು ಇದೆ ಅಲ್ವಾ, ಅದೇ. ಅರ ಹಾಕಿದಷ್ಟೂ ಹಲ್ಲು ತಗ್ಗುತ್ತದೆ, ಉಬ್ಬು ಹಾಗೇ ಉಳಿಯುತ್ತದೆ. ಆಮೇಲೆ ಹಲ್ಲು ಮರವನ್ನು ಕಚ್ಚುವುದೇ ಇಲ್ಲ. ಉಬ್ಬಿನ ಎತ್ತರ ಅಳೆಯುವ ಗೇಜ್ ಪಟ್ಟಿ ಇಟ್ಟು ಉಬ್ಬನ್ನು ಚಪ್ಪಟೆ ಅರದಿಂದ ಉಜ್ಜಿ. ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿ.ಮೀ. ತಗ್ಗಿದ್ದರೆ ಸಾಕು. ದಯವಿಟ್ಟು ಜಾಸ್ತಿ ಇಳಿಸಬೇಡಿ, ಸಾ ಮೈಮೇಲೆ ಎಗರುವ ಅಪಾಯವಿದೆ.

ದುಂಡು ಅರದ ಅಳತೆಯನ್ನೂ ನೋಡಿ. .325 ಇಂಚು ಪಿಚ್ (ಚೈನಿನ ಕೊಂಡಿಗಳ ಅಂತರದ ಅಳತೆ) ಇರುವ ಚೈನಿಗೆ 4.8 ಮಿ.ಮೀ. ಅರ. ಒಳಗಿನಿಂದ ಹೊರಕ್ಕೆ ತಳ್ಳುವಾಗ ಮಾತ್ರ ಒತ್ತಿ, ವಾಪಸ್ ತರುವಾಗ ಎತ್ತಿಬಿಡಿ. ಕೊಯ್ತ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಎರಡೂ ಸಾಲಿನ ಹಲ್ಲಿನ ಉದ್ದ ಹೋಲಿಸಿ ನೋಡಿ.