ಗೋಲಿನ ಮುಂದೆ ಜಾಗ ಒಂದೇ

(ಜರ್ಮನಿಯ ಫುಟ್‌ಬಾಲ್ ಗೋಲ್‌ಕೀಪರ್ ಲುಟ್ಸ್ ಫನ್ನೆನ್‌ಸ್ಟೀಲ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿವಮೊಗ್ಗದಿಂದ ತಂದೆಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗನಿಗೆ ಹದಿನೈದು ವರ್ಷ. ಶಾಲಾ ತಂಡದ ಗೋಲ್‌ಕೀಪರ್. ಲೇಖನವನ್ನು ಕತ್ತರಿಸಿ ಓದುವ ಮೇಜಿನ ಎದುರು ಅಂಟಿಸಿಕೊಂಡಿದ್ದಾನಂತೆ. "ಕಾಲಿಗೆ ಚಕ್ರ ಕಟ್ಟಿಕೊಂಡು ಇಪ್ಪತ್ತೈದು ಕ್ಲಬ್ ಸುತ್ತಿದ, ಎಲ್ಲಿಯೂ ಬೇರು ಬಿಡದ, ಜೈಲಿಗೂ ಹೋಗಿಬಂದ ಮನುಷ್ಯನನ್ನು ಮಕ್ಕಳ ಮುಂದೆ ಯಾಕೆ ಇಡುತ್ತೀರಿ? ಜರ್ಮನಿಯ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್ ಕರೆದರೂ ಹೋಗದವನ ಬುದ್ಧಿಗೆ ಏನೆನ್ನಬೇಕು?" ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿರುವುದು ಸಿಟ್ಟಲ್ಲ, ಮಗನ ಬಗೆಗಿನ ಕಳವಳ. ಆದ್ದರಿಂದ ಎರಡು ಸಾಲಿನಲ್ಲಿ ಉತ್ತರ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ನಮ್ಮ ತಪ್ಪು. ಸಿಂಗಪುರದ ಪ್ರಕರಣವನ್ನು ಲೇಖನದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆವು. ಅದು ಸರಿಯಲ್ಲ. ಅಲ್ಲಿನ ಗೇಲಾಂಗ್ ಯುನೈಟೆಡ್ ಪರ ಆಡುತ್ತಿದ್ದಾಗ ಫನ್ನೆನ್‌ಸ್ಟೀಲ್ ಮೇಲೆ ಪಂದ್ಯಗಳ ಫಲಿತಾಂಶಕ್ಕಾಗಿ ಹಣ ಪಡೆಯಲು ಒಪ್ಪಿದ ಆರೋಪ ಬಂತು. ನ್ಯಾಯಾಲಯ ತಪ್ಪಿತಸ್ಥ ಎಂದಿತು, ಐದು ತಿಂಗಳ ಶಿಕ್ಷೆ ವಿಧಿಸಿತು. 101 ದಿನ ಅವರು ಸೆರೆಮನೆಯಲ್ಲಿದ್ದರು. ತಾವು ನಿರಪರಾಧಿ ಎಂದು ಆಗಲೂ ಹೇಳಿದರು, ಇಂದಿಗೂ ಹೇಳುತ್ತಾರೆ. ತೀರ್ಪು ದಾಖಲೆಯಲ್ಲಿದೆ, ಅವರ ನಿರಾಕರಣೆಯೂ ದಾಖಲೆಯಲ್ಲಿದೆ. ಎರಡನ್ನೂ ಓದುಗರ ಮುಂದಿಡಬೇಕಾದದ್ದು ನಮ್ಮ ಕೆಲಸವಾಗಿತ್ತು. ನಿಮ್ಮ ಮಗನೂ ಎರಡನ್ನೂ ತಿಳಿದುಕೊಳ್ಳಲಿ. ಹದಿನೈದರ ಹುಡುಗ ಅಷ್ಟನ್ನು ಅರಗಿಸಿಕೊಳ್ಳಬಲ್ಲ.

ಆದರೆ 'ಎಲ್ಲಿಯೂ ಬೇರು ಬಿಡದವನು' ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಗೋಲ್‌ಕೀಪರ್ ಎಂಬ ಕೆಲಸದ ಕಷ್ಟ ಅಲ್ಲಿ ಮರೆತುಹೋಗಿದೆ ಎನಿಸುತ್ತದೆ.

ಮೈದಾನದ ಮಧ್ಯದಲ್ಲಿ ಆಡುವ ಹುಡುಗನಿಗೆ ಒಂದು ಜಾಗ ತಪ್ಪಿದರೆ ಇನ್ನೊಂದಿದೆ. ಎಡಗಡೆ ಆಗದಿದ್ದರೆ ಬಲಗಡೆ, ಮುಂದೆ ಆಗದಿದ್ದರೆ ಹಿಂದೆ. ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಕರೆ ಬರುತ್ತದೆ. ಗೋಲಿನ ಮುಂದೆ ಇರುವುದು ಒಂದೇ ಜಾಗ. ಅಲ್ಲಿ ನಿಂತವನಿಗೆ ಪೆಟ್ಟಾಗಬೇಕು, ಇಲ್ಲವೇ ಕೆಂಪು ಕಾರ್ಡ್ ಸಿಗಬೇಕು. ಅಲ್ಲಿಯವರೆಗೆ ಎರಡನೆಯವನು ಕೈಗವಸು ತೊಟ್ಟು ಬೆಂಚಿನ ಮೇಲೆ ಕೂತಿರಬೇಕು. ಹೀಗೆ ವರ್ಷಗಟ್ಟಲೆ ಕೂತು, ಒಳ್ಳೆಯ ಸಂಬಳ ಪಡೆದು, ಬೆರಳೆಣಿಕೆಯ ಪಂದ್ಯಗಳನ್ನಾಡಿ ನಿವೃತ್ತರಾದ ಗೋಲ್‌ಕೀಪರ್‌ಗಳು ದೊಡ್ಡ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ. ಅದೂ ಒಂದು ಬದುಕು, ನಾನು ಹೀಗಳೆಯುವುದಿಲ್ಲ. ಆದರೆ ಆಡಲೇಬೇಕು ಎಂಬ ಹಟವಿರುವವನು ಏನು ಮಾಡಬೇಕು? ಆ ಜಾಗ ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ಹೋಗಬೇಕು.

ಫನ್ನೆನ್‌ಸ್ಟೀಲ್ ಹೋದರು. 1973ರಲ್ಲಿ ಬವೇರಿಯಾದ ಕಾಡಂಚಿನ ತ್ಸ್ವೀಸೆಲ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ಬಯರ್ನ್ ಅವರ ಮುಂದಿಟ್ಟಿದ್ದು ಮುಖ್ಯ ತಂಡದ ಅಂಗಿಯನ್ನಲ್ಲ, ಹವ್ಯಾಸಿ ತಂಡದ ಒಪ್ಪಂದವನ್ನು. ಅದನ್ನು ಬಿಟ್ಟು ಇಪ್ಪತ್ತರ ಹರೆಯದಲ್ಲಿ ಅವರು ವಿಮಾನ ಹತ್ತಿದ್ದು ಮಲೇಷ್ಯಾದ ಪೆನಾಂಗ್‌ಗೆ. ಇದು ಬುದ್ಧಿಗೇಡಿತನ ಎನ್ನುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ. ಬೆಂಚು ಕಾಯುವುದು ಎಂದರೇನು ಎಂಬುದನ್ನು ಮುಂದೆ ಅವರು ಇಂಗ್ಲೆಂಡಿನಲ್ಲಿ ಕಂಡರು. ವಿಂಬಲ್ಡನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್, ಎರಡೂ ಹೆಸರುವಾಸಿ ಕ್ಲಬ್ಬುಗಳೇ. ಎರಡರಲ್ಲೂ ಸೇರಿ ಅವರಿಗೆ ಒಂದೇ ಒಂದು ಲೀಗ್ ಪಂದ್ಯವೂ ದಕ್ಕಲಿಲ್ಲ.

ಆಮೇಲಿನ ಪಟ್ಟಿ ನಮ್ಮ ಲೇಖನದಲ್ಲಿದೆ: ದಕ್ಷಿಣ ಆಫ್ರಿಕಾ, ಫಿನ್ಲೆಂಡ್, ಸಿಂಗಪುರ, ನ್ಯೂಜಿಲೆಂಡ್, ನಾರ್ವೆ, ಕೆನಡಾ, ಅಲ್ಬೇನಿಯಾ, ಅರ್ಮೇನಿಯಾ. 2008ರಲ್ಲಿ ಬ್ರೆಜಿಲ್‌ನ ಇಬಿರಾಮಾ ಎಂಬ ಸಣ್ಣ ಊರಿನ ಕ್ಲಬ್ ಸೇರಿದಾಗ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಆರೂ ಖಂಡಗಳ ಒಕ್ಕೂಟಗಳಲ್ಲಿ ವೃತ್ತಿಪರವಾಗಿ ಆಡಿದ ಮೊದಲ ಆಟಗಾರ ಎನಿಸಿದರು. ದಾಖಲೆ ದೊಡ್ಡದೇ. ಆದರೆ ನನ್ನನ್ನು ಕಾಡುವುದು ಆ ದಾಖಲೆಯಲ್ಲ. ಪ್ರತಿ ಊರಿನಲ್ಲೂ ಆ ಮನುಷ್ಯ ಹೊಸದಾಗಿ ಕೂಗಲು ಕಲಿಯಬೇಕಾಗಿತ್ತಲ್ಲ! ಗೋಲ್‌ಕೀಪರ್‌ನ ಅರ್ಧ ಕೆಲಸ ಕೈಯದು, ಅರ್ಧ ಬಾಯಿಯದು. ಕಾರ್ನರ್ ಕಿಕ್ ಬರುವ ಹೊತ್ತಿಗೆ 'ನನ್ನದು', 'ಬಿಡು', 'ಎಡಕ್ಕೆ ಸರಿ' ಎಂದು ಅರೆಕ್ಷಣದಲ್ಲಿ ಕೂಗಬೇಕು, ಮುಂದಿರುವ ನಾಲ್ವರು ರಕ್ಷಣಾ ಆಟಗಾರರು ತಿರುಗಿ ನೋಡದೆ ಅದನ್ನು ನಂಬಬೇಕು. ಭಾಷೆ ಬಾರದ ಊರಿನಲ್ಲಿ ಆ ನಂಬಿಕೆ ಗಳಿಸುವುದಿದೆಯಲ್ಲ, ಅದು ಬೇರು ಬಿಡುವುದಲ್ಲದೆ ಮತ್ತೇನು? ಅವರು ಅದನ್ನು ಮತ್ತೆ ಮತ್ತೆ ಮಾಡಿದರು.

2002ರ ಡಿಸೆಂಬರ್ 26ರ ಘಟನೆಯನ್ನು ಮಗ ನಿಮಗೆ ಓದಿ ಹೇಳಿದನೆಂದು ಬರೆದಿದ್ದೀರಿ. ಸೆರೆಮನೆಯಿಂದ ಹೊರಬಂದ ಮೇಲೆ ನ್ಯೂಜಿಲೆಂಡಿನಲ್ಲಿ ಆಡಿ, ಅಲ್ಲಿಂದ ಇಂಗ್ಲೆಂಡಿಗೆ ಮರಳಿ, ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ ಎಂಬ ಕೆಳಹಂತದ ಲೀಗಿನ ಕ್ಲಬ್ಬಿನಲ್ಲಿದ್ದರು. ಕ್ರಿಸ್ಮಸ್ ಮರುದಿನ, ಹ್ಯಾರೊಗೇಟ್ ಟೌನ್ ವಿರುದ್ಧ ಪಂದ್ಯ. ಚೆಂಡಿಗೆಂದು ಮುಂದೆ ನುಗ್ಗಿದವರ ಎದೆಗೆ ಎದುರಾಳಿ ಫಾರ್ವರ್ಡ್ ಬಂದು ಅಪ್ಪಳಿಸಿದ. ಉಸಿರು ನಿಂತಿತು. ತಂಡದ ಫಿಸಿಯೋ ರೇ ಕಿಲಿಕ್ ಮೊಣಕಾಲೂರಿ ಕೂತು ಬಾಯಿಗೆ ಬಾಯಿಟ್ಟು ಉಸಿರು ತುಂಬಿದರು. ಉಸಿರು ಬಂತು, ಮತ್ತೆ ನಿಂತಿತು. ಮತ್ತೆ ಬಂತು, ಮೂರನೆಯ ಸಲವೂ ನಿಂತಿತು. ಪಂದ್ಯವನ್ನು ಅಲ್ಲಿಗೇ ಕೈಬಿಟ್ಟರು. ಕಿಲಿಕ್ ಮಾತ್ರ ಕೈಬಿಡಲಿಲ್ಲ. ಆ ದಿನ ಮೈದಾನದಲ್ಲಿ ಹೆಚ್ಚಿನದನ್ನು ಕಾಪಾಡಿದವರು ಗೋಲ್‌ಕೀಪರ್ ಅಲ್ಲ, ಚೀಲ ಹಿಡಿದು ಗೆರೆಯಾಚೆ ನಿಲ್ಲುವ ಆ ಮನುಷ್ಯ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ನಿಮ್ಮ ಮಗನ ಶಾಲೆಯ ಮೈದಾನದಲ್ಲಿ ಉಸಿರು ನಿಂತವನಿಗೆ ಪ್ರಥಮ ಚಿಕಿತ್ಸೆ ಕೊಡಬಲ್ಲವರು ಯಾರಾದರೂ ಇದ್ದಾರೆಯೇ? ಫನ್ನೆನ್‌ಸ್ಟೀಲ್ ಬಗ್ಗೆ ಚಿಂತಿಸುವ ಮೊದಲು ದಯವಿಟ್ಟು ಇದನ್ನು ವಿಚಾರಿಸಿ.

ಚೇತರಿಸಿಕೊಂಡು ಅವರು ಮತ್ತೆ ಗೋಲಿನ ಮುಂದೆ ನಿಂತರು, ಹೆಚ್ಚುಕಡಿಮೆ ಇನ್ನೂ ಏಳೆಂಟು ವರ್ಷ.

ಇಷ್ಟೆಲ್ಲ ಅಲೆದು ಕೊನೆಗೆ ಕೈಗೆ ಸಿಕ್ಕಿದ್ದೇನು ಎಂದೂ ಕೇಳಿದ್ದೀರಿ. ಅವರನ್ನು ಜರ್ಮನಿಯ ಹೊಫೆನ್‌ಹೈಮ್ ಕ್ಲಬ್ ಪ್ರತಿಭಾನ್ವೇಷಣೆಯ ಕೆಲಸಕ್ಕೆ ಕರೆದುಕೊಂಡಿತು. ಆರು ಖಂಡಗಳ ಆಟ ಬಲ್ಲವನಿಗಿಂತ ಆ ಕೆಲಸಕ್ಕೆ ಇನ್ನಾರು ಬೇಕಿತ್ತು? ಬಳಿಕ ಜರ್ಮನಿಯದೇ ಫೋರ್ಟುನಾ ಡ್ಯುಸೆಲ್‌ಡಾರ್ಫ್, 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸಿಟಿ. ಆಗ ಆ ಕ್ಲಬ್ಬಿಗೆ ಇನ್ನೂ ತಂಡವೇ ಇರಲಿಲ್ಲ. ಕ್ರೀಡಾ ನಿರ್ದೇಶಕರಾಗಿ ಅದನ್ನು ಬುಡದಿಂದ ಕಟ್ಟಿದವರು ಫನ್ನೆನ್‌ಸ್ಟೀಲ್. 2023ರಲ್ಲಿ, ಅಮೆರಿಕದ ಅಗ್ರ ಲೀಗ್ ಆದ ಮೇಜರ್ ಲೀಗ್ ಸಾಕರ್‌ನ ತನ್ನ ಮೊಟ್ಟಮೊದಲ ಋತುವಿನಲ್ಲೇ ಆ ತಂಡ ಪಶ್ಚಿಮ ವಿಭಾಗದ ಅಂಕಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. ಅವರು ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನಿಂದ ಕರೆತಂದ ರೋಮನ್ ಬ್ಯುರ್ಕಿ ಆ ವರ್ಷ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಗೆದ್ದರು.

ಇನ್ನು ನಿಮ್ಮ ಪತ್ರದ ಕೊನೆಯ ಪುಟ, "ನಮ್ಮಂಥ ಮನೆಯ ಹುಡುಗರಿಗೆ ಇದೆಲ್ಲ ಎಟುಕುವುದೇ?" ಎಂಬಲ್ಲಿ ನೀವು ನಿಲ್ಲಿಸಿದ್ದು. ನಮ್ಮದೇ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರನ್ನು ನೋಡಿ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿದ್ದವರು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋದರು. ಆ ಚಳಿಯಲ್ಲಿ ಬೆಂಚು ಕಾದರು. 2016ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಆಡಿ, ಯುರೋಪಿನ ಕ್ಲಬ್ ಟೂರ್ನಿಯಲ್ಲಿ ಕಣಕ್ಕಿಳಿದ ಮೊದಲ ಭಾರತೀಯ ಎನಿಸಿದರು. ಮರುವರ್ಷ ಬೆಂಗಳೂರು ಎಫ್‌ಸಿ ಸೇರಿದರು. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್) ಫೈನಲ್ ಪೆನಾಲ್ಟಿಗೆ ಹೋದಾಗ ನಾನು ಗ್ಯಾಲರಿಯಲ್ಲಿದ್ದೆ. ಐದೈದು ಒದೆತಗಳ ಬಳಿಕವೂ ಸಮಬಲ. ಮುಂದಿನದರಲ್ಲಿ ಭಾರತ ಗೋಲು ಹೊಡೆಯಿತು, ಕುವೈತ್ ಸರದಿ ಬಂತು. ಅಷ್ಟು ಗದ್ದಲದ ಕ್ರೀಡಾಂಗಣ ಒಂದು ಕ್ಷಣ ಉಸಿರು ಬಿಗಿಹಿಡಿಯಿತು. ಗುರುಪ್ರೀತ್ ಹಾರಿ ಚೆಂಡನ್ನು ತಡೆದರು. ಪಕ್ಕದಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಹೆಗಲು ಹಿಡಿದು ಅತ್ತುಬಿಟ್ಟರು.

ಮೇಜಿನ ಎದುರು ಅಂಟಿಸಿರುವ ಲೇಖನವನ್ನು ಕಿತ್ತುಹಾಕಬೇಡಿ. ಸಿಂಗಪುರದ ಪ್ರಕರಣವನ್ನು ವಿವರವಾಗಿ ಸೇರಿಸಿ ಲೇಖನದ ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ ಪ್ರಕಟಿಸಿದ್ದೇವೆ. ಅದನ್ನೂ ಪಕ್ಕದಲ್ಲಿ ಅಂಟಿಸಿಕೊಳ್ಳಲು ಮಗನಿಗೆ ಹೇಳಿ. ಜಿಲ್ಲಾ ಮಟ್ಟದ ಪಂದ್ಯ ಮುಂದಿನ ತಿಂಗಳು ಎಂದಿದ್ದೀರಿ. ದಿನಾಂಕ ನಿಗದಿಯಾದ ಕೂಡಲೇ ಒಂದು ಸಾಲು ಬರೆಯಿರಿ. ನಾನೇ ಬರುತ್ತೇನೆ, ಗೋಲಿನ ಹಿಂದೆ ನಿಂತು ನೋಡುತ್ತೇನೆ.

— ಸಂಪಾದಕ