ನೋಟಕ್ಕೆ ಒಪ್ಪಿದ ಶೂ ಸಿಮೆಂಟ್ ಕೋರ್ಟ್‌ಗೂ ಒಪ್ಪುತ್ತದೆಯೇ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವಳು) ಆಗಿ ಆಡುತ್ತೇನೆ. ವಾರಕ್ಕೆ ಐದು ದಿನ ಸಿಮೆಂಟ್ ಕೋರ್ಟ್‌ನಲ್ಲಿ ಅಭ್ಯಾಸ ಇರುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಬೆಂಗಳೂರಿನ ಮರದ ನೆಲದ ಮೇಲೆ ಪಂದ್ಯ ಆಡುತ್ತೇವೆ. ಮೊನ್ನೆ 7,500 ರೂಪಾಯಿ ಕೊಟ್ಟು ಬಿಳಿ ಮತ್ತು ತಿಳಿನೇರಳೆ ಬಣ್ಣದ, ಕಣಕಾಲಿಗಿಂತ ಕೆಳಗೇ ನಿಲ್ಲುವ ಶೂ ಕೊಂಡೆ. ಹೆಂಗಸರ ಅಳತೆ ಸಿಗದೆ ಗಂಡಸರ 7ನೇ ನಂಬರ್ ತೆಗೆದುಕೊಂಡಿದ್ದೇನೆ. ಸೋಲ್ ಜೆಲ್ಲಿಯಂತೆ ಅರೆಪಾರದರ್ಶಕವಾಗಿದೆ. ಗೆಳತಿಯರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಕೋಚ್ ಸರ್ ಮಾತ್ರ ಕಣಕಾಲು ಮುಚ್ಚುವ ಎತ್ತರದ ಶೂ ತರಬೇಕಿತ್ತು ಎನ್ನುತ್ತಾರೆ. ಹಿಂತಿರುಗಿಸಲು ಇನ್ನೂ ಐದು ದಿನ ಇದೆ. ಇಟ್ಟುಕೊಳ್ಳಲೇ, ಬದಲಾಯಿಸಲೇ?

ಉತ್ತರ: ‘ವಾರಕ್ಕೆ ಐದು ದಿನ ಸಿಮೆಂಟ್ ಕೋರ್ಟ್‌ನಲ್ಲಿ’ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇದೆ. ದೊಡ್ಡ ಕಂಪನಿಗಳ ದುಬಾರಿ ಬ್ಯಾಸ್ಕೆಟ್‌ಬಾಲ್ ಶೂಗಳು ಬಹುಪಾಲು ಒಳಾಂಗಣದ ಮರದ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಂಥ ಕಡೆ ಅವು ನೆಲಕ್ಕೆ ಅಂಟಿಕೊಂಡಂತೆ ನಿಲ್ಲುತ್ತವೆ. ಅದೇ ಶೂವನ್ನು ಒರಟು ಸಿಮೆಂಟಿನ ಮೇಲೆ ದಿನಕ್ಕೆರಡು ಗಂಟೆ ತಿಕ್ಕಿದರೆ ಸೋಲ್‌ನ ಗೀರುಗಳು ಕೆಲವೇ ತಿಂಗಳಲ್ಲಿ ಸವೆದು ನುಣುಪಾಗುತ್ತವೆ, ಅದರಲ್ಲೂ ನೀವು ತಿರುಗುವಾಗ ಭಾರ ಹಾಕುವ ಹೆಬ್ಬೆರಳಿನ ಬುಡದಲ್ಲಿ ಎಲ್ಲಕ್ಕಿಂತ ಮೊದಲು.

ಆದ್ದರಿಂದ ಪರೀಕ್ಷೆಯನ್ನು ಶೂವಿನ ಸೋಲ್‌ನಿಂದಲೇ ಆರಂಭಿಸಿ. ಶೂ ತಿರುಗಿಸಿ ಹಿಡಿದು, ಮುಂಪಾದದ ರಬ್ಬರಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ. ಉಗುರು ಸುಲಭವಾಗಿ ಇಳಿದು ಗುರುತು ಕೆಲಕಾಲ ಉಳಿದರೆ ಅದು ಮೆದು ರಬ್ಬರ್. ಮರದ ನೆಲಕ್ಕೆ ಹೇಳಿ ಮಾಡಿಸಿದ್ದು, ಸಿಮೆಂಟಿಗೆ ಬೇಗ ಬಲಿಯಾಗುವಂಥದ್ದು. ಆಮೇಲೆ ಗೀರುಗಳ ಆಳ ನೋಡಿ. ಮೀನಿನ ಮುಳ್ಳಿನಂತೆ ಅಂಕುಡೊಂಕಾಗಿ ಸಾಗುವ ಹೆರಿಂಗ್‌ಬೋನ್ ವಿನ್ಯಾಸ ಇಷ್ಟು ವರ್ಷವಾದರೂ ಬಳಕೆಯಿಂದ ಹೋಗದೆ ಉಳಿದಿರುವುದಕ್ಕೆ ಕಾರಣವಿದೆ: ಗೀರಿನ ಅಂಚುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಮುಂದಕ್ಕೆ ಓಡುವಾಗಲೂ ಅಡ್ಡಕ್ಕೆ ಜಾರುವಾಗಲೂ ಯಾವುದೋ ಒಂದು ಅಂಚು ನೆಲವನ್ನು ಕಚ್ಚಿಕೊಳ್ಳುತ್ತದೆ. ಗೀರುಗಳ ನಡುವೆ ಸಾಕಷ್ಟು ಜಾಗವಿದ್ದರೆ ಧೂಳು ಉದುರಿಹೋಗುತ್ತದೆ. ಜಾಗ ಕಿರಿದಾಗಿದ್ದರೆ ಅಲ್ಲಿಯೇ ಕೂತು ಹಿಡಿತ ಕೆಡಿಸುತ್ತದೆ. ಅರೆಪಾರದರ್ಶಕ ಸೋಲ್ ಧೂಳನ್ನು ಹೆಚ್ಚು ಹಿಡಿಯುತ್ತದೆ ಎಂಬುದು ಆಟಗಾರರ ಹಳೆಯ ದೂರು, ನನ್ನ ಅನುಭವವೂ ಅದೇ. ಪಂದ್ಯದ ನಡುವೆ ಅಂಗೈಯಿಂದ ಸೋಲ್ ಒರೆಸಿಕೊಳ್ಳುವ ಆಟಗಾರರನ್ನು ನೀವು ನೋಡಿರುತ್ತೀರಿ. ನಿಮ್ಮ ಕೋರ್ಟ್‌ನಲ್ಲಿ ಈ ಶೂ ಹಾಕಿದರೆ ಎರಡು ನಿಮಿಷಕ್ಕೊಮ್ಮೆ ನೀವೂ ಅದನ್ನೇ ಮಾಡಬೇಕಾದೀತು.

ಇನ್ನು ಅಳತೆ. ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೇ. ನಂಬರಿನ ಗೊಂದಲವನ್ನು ಮೊದಲು ಬಿಡಿಸೋಣ: ಯುಕೆ ಅಳತೆಯಲ್ಲಿ ಒಂದು ಅಂಕಿಗೂ ಮುಂದಿನ ಅಂಕಿಗೂ ಅಂತರ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಅಮೆರಿಕದ ಅಳತೆಯಲ್ಲಿ ಗಂಡಸರ ಮತ್ತು ಹೆಂಗಸರ ಅಂಕಿಗಳೇ ಬೇರೆ ಬೇರೆ. ಒಂದೇ ಉದ್ದದ ಪಾದಕ್ಕೆ ಹೆಂಗಸರ ಅಂಕಿ ಸಾಮಾನ್ಯವಾಗಿ ಒಂದರಿಂದ ಒಂದೂವರೆಯಷ್ಟು ಹೆಚ್ಚಿರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಚೀಟಿಯಲ್ಲಿ ನಿಮ್ಮ 7 ಯಾವ ದೇಶದ 7 ಎಂದು ಓದಿ. ಉದ್ದ ಸರಿಹೊಂದಿದರೂ, ಗಂಡಸರ ಅಚ್ಚಿನಲ್ಲಿ ತಯಾರಾದ ಶೂ ಹಿಮ್ಮಡಿಯ ಬಳಿ ಅಗಲವಾಗಿರುವುದು ಸಾಮಾನ್ಯ. ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಹಿಮ್ಮಡಿ ಸಡಿಲ ಎನಿಸುವುದು ಈ ಕಾರಣಕ್ಕೆ. ಮಹಿಳಾ ಆಟಗಾರ್ತಿಯೊಬ್ಬರ ಹೆಸರಿನಲ್ಲಿ ಮೊದಲ ಬಾರಿಗೆ ಬ್ಯಾಸ್ಕೆಟ್‌ಬಾಲ್ ಶೂ ಬಂದದ್ದು 1995ರಲ್ಲಿ, ಅಮೆರಿಕದ ಶೆರಿಲ್ ಸ್ವೂಪ್ಸ್ ಅವರಿಗಾಗಿ ನೈಕಿ ಹೊರತಂದ ಏರ್ ಸ್ವೂಪ್ಸ್. ಇಂದಿಗೂ ನಮ್ಮ ಜಿಲ್ಲಾಕೇಂದ್ರಗಳ ಅಂಗಡಿಗಳಲ್ಲಿ ಹೆಂಗಸರ ಅಳತೆ ಕೇಳಿದರೆ ಓಟದ ಶೂ ತೆಗೆದು ತೋರಿಸುತ್ತಾರೆ!

ಸಂಜೆಯ ಹೊತ್ತಿಗೆ ಪಾದ ತುಸು ಊದಿರುತ್ತದೆ. ಆಗಲೇ, ಆಟಕ್ಕೆ ಹಾಕುವ ದಪ್ಪ ಕಾಲುಚೀಲದ ಜೊತೆಗೇ ಶೂ ತೊಟ್ಟು ನೋಡಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಅದಕ್ಕಿಂತ ಹೆಚ್ಚು ಬೇಡ. ವಿದ್ಯಾರ್ಥಿಯಾಗಿದ್ದಾಗ ನಾನು ಅಂದ ನೋಡಿ ಒಂದು ನಂಬರ್ ದೊಡ್ಡ ಶೂ ಕೊಂಡು, ಎರಡು ಕಾಲುಚೀಲ ತೊಟ್ಟು ಇಡೀ ಟೂರ್ನಿ ಆಡಿದ್ದೆ. ಓಡುತ್ತಾ ಬಂದು ಗಕ್ಕನೆ ನಿಂತಾಗಲೆಲ್ಲ ಪಾದ ಮುಂದಕ್ಕೆ ಜಾರಿ ಬೆರಳು ಶೂವಿನ ತುದಿಗೆ ಬಡಿಯುತ್ತಿತ್ತು. ಮೂರನೆಯ ದಿನಕ್ಕೆ ಹೆಬ್ಬೆರಳಿನ ಉಗುರು ಕಪ್ಪಾಗಿ, ತಿಂಗಳೊಳಗೆ ಕಿತ್ತುಬಂತು.

ಮನೆಯಲ್ಲಿ ಒರೆಸಿದ ನೆಲದ ಮೇಲೆ, ಸೋಲ್ ಕೊಳೆಯಾಗದಂತೆ, ಈ ಕೆಲಸ ಮಾಡಿ. (ಕೋರ್ಟ್‌ಗೆ ಹಾಕಿಕೊಂಡು ಹೋದ ಶೂವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಷ್ಟ.) ಮೊಣಕಾಲು ಮಡಚಿ, ರಕ್ಷಣೆಗೆ ನಿಲ್ಲುವ ಭಂಗಿಯಲ್ಲಿ ಎಡಕ್ಕೂ ಬಲಕ್ಕೂ ನಾಲ್ಕೈದು ಹೆಜ್ಜೆ ಜಾರಿ, ಥಟ್ಟನೆ ನಿಲ್ಲಿ. ಆಗ ಪಾದ ಅಂಚು ದಾಟಿ ಹೊರಕ್ಕೆ ವಾಲಿದಂತೆ ಅನ್ನಿಸಿದರೆ, ಹಿಮ್ಮಡಿ ಒಳಗೇ ಎದ್ದರೆ, ಶೂ ಎಷ್ಟೇ ಚೆಂದವಿದ್ದರೂ ನಿಮ್ಮದಲ್ಲ. ಹಿಂತಿರುಗಿಸುವ ಮುನ್ನ ಒಂದು ಅವಕಾಶ ಕೊಡಬಹುದು: ಮೇಲ್ತುದಿಯ ಕೊನೆಯ ಎರಡು ತೂತುಗಳಲ್ಲಿ ಲೇಸಿನಿಂದ ಒಂದೊಂದು ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗಿಂದ ಎಳೆದು ಕಟ್ಟಿದರೆ ಹಿಮ್ಮಡಿ ಬಿಗಿಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಅಳತೆಯೇ ತಪ್ಪು. ಶೂವನ್ನು ಕೈಯಲ್ಲಿ ಬಾಗಿಸಿಯೂ ನೋಡಿ: ಅದು ಬೆರಳುಗಳ ಬುಡದಲ್ಲಿ ಬಾಗಬೇಕು, ಅಂಗಾಲಿನ ನಡುವೆ ಮಡಚಿಕೊಳ್ಳಬಾರದು.

ಕೋಚ್ ಸರ್ ಮಾತಿಗೆ ಬರುತ್ತೇನೆ. ಎತ್ತರದ ಶೂ ಕಾಲು ಉಳುಕದಂತೆ ಕಾಯುತ್ತದೆ ಎಂಬ ನಂಬಿಕೆ ಹಳೆಯದು, ಅದರ ಹಿಂದಿರುವ ಕಾಳಜಿಯೂ ಸರಿಯೇ. ಆದರೆ 1993ರಲ್ಲಿ ಅಮೆರಿಕದಲ್ಲಿ ಆರುನೂರಕ್ಕೂ ಹೆಚ್ಚು ಕಾಲೇಜು ಆಟಗಾರರಿಗೆ ಎತ್ತರದ ಮತ್ತು ತಗ್ಗಿನ ಶೂ ಹಂಚಿ ನಡೆಸಿದ ಅಧ್ಯಯನದಲ್ಲಿ, ಶೂವಿನ ಎತ್ತರಕ್ಕೂ ಉಳುಕಿಗೂ ಗಟ್ಟಿಯಾದ ನಂಟು ಕಾಣಲಿಲ್ಲ. ಫುಟ್‌ಬಾಲ್ ಆಟಗಾರರ ತಗ್ಗಿನ ಬೂಟುಗಳನ್ನು ಕಂಡು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ನೈಕಿಯಲ್ಲಿ ತಮ್ಮ ಹೆಸರಿನ ನಾಲ್ಕನೆಯ ಶೂವನ್ನು ತಗ್ಗಾಗಿ ಮಾಡಿಸಿಕೊಂಡ ಮೇಲೆ ವೃತ್ತಿಪರ ಗಾರ್ಡ್‌ಗಳಲ್ಲಿ ಅನೇಕರು ಆ ದಾರಿ ಹಿಡಿದರು. ನಿಮಗೆ ಹಿಂದೆ ಉಳುಕಿದ್ದರೆ ಮಾತ್ರ ಕಣಕಾಲಿನ ಪಟ್ಟಿ ಕಟ್ಟಿ ಆಡಿ, ಒಂಟಿ ಕಾಲಿನಲ್ಲಿ ನಿಲ್ಲುವ ಸಮತೋಲನದ ವ್ಯಾಯಾಮವನ್ನು ದಿನವೂ ಮಾಡಿ. ಇದನ್ನು ಸರ್‌ಗೂ ವಿನಯದಿಂದ ತಿಳಿಸಬಹುದು.

ಮೆತ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಮೆಂಟ್ ಮರದಂತೆ ಬಾಗಿ ಆಘಾತ ಹೀರುವುದಿಲ್ಲವಾದ್ದರಿಂದ ಹಿಮ್ಮಡಿಯಲ್ಲಿ ತುಸು ದಪ್ಪ ಫೋಮ್ ಇರಲಿ. ಆದರೆ ಗಾರ್ಡ್‌ಗೆ ಮುಂಪಾದದಲ್ಲಿ ನೆಲದ ಸ್ಪರ್ಶ ತಿಳಿಯುತ್ತಿರಬೇಕು.

ಅಂದದ ಮಾತನ್ನು ನೀವು ಸಂಕೋಚದಿಂದ ಕೇಳಿದಂತಿದೆ, ಅಗತ್ಯವಿರಲಿಲ್ಲ. 1985ರಲ್ಲಿ ಮಾರುಕಟ್ಟೆಗೆ ಬಂದ, ಆಟಗಾರ ಮೈಕಲ್ ಜೋರ್ಡನ್ ಹೆಸರಿನ ಏರ್ ಜೋರ್ಡನ್ ಶೂವಿನ ಕೆಂಪು-ಕಪ್ಪು ಬಣ್ಣವೂ ಈ ಆಟದ ಶೂ ದಿನನಿತ್ಯದ ಫ್ಯಾಷನ್ ಆಗಲು ಒಂದು ದೊಡ್ಡ ಕಾರಣ. ಆದರೆ ಆ ಹಳೆಯ ಮಾದರಿಯಲ್ಲೇ ಮತ್ತೆ ತಯಾರಿಸಿದ ಶೂಗಳನ್ನು ಕಾಲೇಜಿಗೆ ಜೀನ್ಸ್ ಜೊತೆ ತೊಡಿ, ಆಟಕ್ಕೆ ಬೇಡ. ಅವುಗಳ ಮೆತ್ತೆ ಇಂದಿನ ಆಟಕ್ಕೆ ಸಾಲದು. ನಿಮ್ಮ ಶೂಗಳ ಬಣ್ಣ ಸೊಗಸಾಗಿಯೇ ಇರಬೇಕು. ಆದರೆ ತುಮಕೂರಿನ ಕೆಂಪು ಧೂಳಿನಲ್ಲಿ ಆ ಬಿಳಿಯ ಜಾಲರಿ ಬಟ್ಟೆ ಒಂದು ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ.

ಹೀಗಾಗಿ ನನ್ನ ಸಲಹೆ ಬದಲಾಯಿಸಿ ಎಂಬುದೇ. ಹೊರಾಂಗಣಕ್ಕೆಂದು ಗಟ್ಟಿ ರಬ್ಬರ್ ಹಾಕಿದ, ಆಳದ ಗೀರುಗಳಿರುವ, ಗಾಢ ಬಣ್ಣದ ಜೊತೆಯನ್ನು ಕೇಳಿ. ತಗ್ಗಿನದಾದರೂ ಅಡ್ಡಿಯಿಲ್ಲ, ಇದಕ್ಕಿಂತ ಕಡಿಮೆ ಬೆಲೆಗೂ ಸಿಗುತ್ತದೆ. ತಿಳಿನೇರಳೆಯ ಆಸೆ ಬಿಡದಿದ್ದರೆ ಆ ಬಣ್ಣದ ಲೇಸು ಬೇರೆಯಾಗಿ ಕೊಂಡು ಕಟ್ಟಿಕೊಳ್ಳಿ. ಅಳತೆ ಸರಿಹೊಂದಿದ್ದು, ಎರಡು ಜೊತೆ ಇಟ್ಟುಕೊಳ್ಳುವಷ್ಟು ಹಣವೂ ಇದ್ದರೆ ಮಾತ್ರ ಈಗಿನದನ್ನು ಉಳಿಸಿಕೊಂಡು, ಬೆಂಗಳೂರಿನ ಕ್ರೀಡಾಂಗಣದ ಬಾಗಿಲು ದಾಟಿದ ಮೇಲೆ ಚೀಲದಿಂದ ಹೊರತೆಗೆಯಿರಿ.