ಬೇವಿನ ಬೀಜ ಯಾಕೆ ಮೊಳೆಯಲಿಲ್ಲ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಹೋದ ವರ್ಷ ಐದನೇ ತರಗತಿ ಮಕ್ಕಳ ಜೊತೆ ಬೇವಿನ ಬೀಜ ಆರಿಸಿ ಡಬ್ಬಿಯಲ್ಲಿ ಇಟ್ಟಿದ್ದೆ. ಈ ಜೂನ್‌ನಲ್ಲಿ ಬಿತ್ತಿದೆವು, ಒಂದೂ ಹುಟ್ಟಲಿಲ್ಲ. ಮಕ್ಕಳು ದಿನಾ ಬಂದು ನೋಡಿ ಸಪ್ಪಗಾಗುತ್ತಾರೆ. ನರ್ಸರಿಯಿಂದ ಸಸಿ ತಂದು ನೆಟ್ಟುಬಿಡಲೇ?

ಉತ್ತರ: ಸಸಿ ತರಬೇಡಿ ಮೇಡಂ. ಬೀಜದಿಂದಲೇ ಇನ್ನೊಂದು ಸಲ ಶುರು ಮಾಡಿ.

ಬೇವಿನ ಬೀಜಕ್ಕೆ ಆಯಸ್ಸು ಕಡಿಮೆ. ಹಣ್ಣು ಬಿದ್ದ ಎರಡು ಮೂರು ವಾರಕ್ಕೇ ಅದರ ಜೀವ ಕುಂದತೊಡಗುತ್ತದೆ. ಮಳೆ ಶುರುವಾಗುವ ಹೊತ್ತಿಗೇ ಬೇವು ಹಣ್ಣಾಗುತ್ತದಲ್ವಾ, ಕೆಳಗೆ ಹಸಿ ಮಣ್ಣು ಕಾದಿರುತ್ತದೆ, ಹಾಗಾಗಿ ಆ ಬೀಜಕ್ಕೆ ತಿಂಗಳುಗಟ್ಟಲೆ ಬದುಕಿರುವ ಅಗತ್ಯವೇ ಬಂದಿಲ್ಲ. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿ ಮುಗಿಸಬೇಡಿ. ಮಣ್ಣಲ್ಲಿರುವ ಹಳೇ ಬೀಜ ತೆಗೆಸಿ, ಈಗ ಬಿದ್ದಿರುವ ಹೊಸ ಬೀಜದ ಪಕ್ಕ ಇಟ್ಟು ಎರಡನ್ನೂ ಒಡೆಸಿ. ಹೊಸದರ ಒಳಗೆ ಹಸಿರಿರುತ್ತದೆ, ಹಳೆಯದು ಹಳದಿಗೋ ಕಂದಿಗೋ ತಿರುಗಿರುತ್ತದೆ. ಯಾಕೆ ಹುಟ್ಟಲಿಲ್ಲ ಅಂತ ಅವರೇ ಹೇಳುತ್ತಾರೆ.

ಆಮೇಲೆ ಕಕ್ಕೆ ಬೀಜ ಕೊಡಿ. ಕಪ್ಪು ಕೋಲಿನಂಥ ಕಾಯಿ ಊರ ಹೊರಗೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಇದು ಬೇವಿಗೆ ಪೂರ್ತಿ ಉಲ್ಟಾ. ಸಿಪ್ಪೆ ಎಷ್ಟು ಗಟ್ಟಿ ಅಂದರೆ ನೀರು ಒಳಗೆ ಇಳಿಯುವುದೇ ಇಲ್ಲ, ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. 20 ಬೀಜವನ್ನು ಒರಟು ಕಲ್ಲಿಗೆ ಒಂದು ಕಡೆ ಉಜ್ಜಿಸಿ, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಬಿತ್ತಿಸಿ. ಇನ್ನು 20 ಬೀಜವನ್ನು ಹಾಗೇ ಬಿತ್ತಿಸಿ. ದಿನಾ ಎಣಿಸಿ ಬೋರ್ಡಿನ ಮೇಲೆ ಬರೆಯಲಿ. ಕಾಡಿನಲ್ಲಿ ಈ ಉಜ್ಜುವ ಕೆಲಸ ಯಾರು ಮಾಡುತ್ತಾರೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕಾಯಿಯ ತಿರುಳಿನ ಆಸೆಗೆ ಕರಡಿ ಬೀಜವನ್ನೂ ನುಂಗುತ್ತದೆ, ಅದರ ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗುತ್ತದೆ. ನಿಮ್ಮ ಜಿಲ್ಲೆಯ ಮಕ್ಕಳಿಗೆ ಕರಡಿ ಹೊಸದೇನಲ್ಲ, ಕಥೆ ಅವರೇ ಮುಂದುವರಿಸುತ್ತಾರೆ.

ಹೊಂಗೆ ಎಲ್ಲಕ್ಕಿಂತ ಸುಲಭ, ಬೇಸಿಗೆಯಲ್ಲಿ ಕಾಯಿ ಒಡೆದು ಇಟ್ಟುಕೊಂಡರೆ ಜೂನ್‌ನಲ್ಲಿ ಬಿತ್ತಬಹುದು. ಹುಣಸೆಯೂ ಚೆನ್ನಾಗಿ ಹುಟ್ಟುತ್ತದೆ. ಅದು ಎಷ್ಟೋ ಕಾಲದ ಹಿಂದೆ ಆಫ್ರಿಕಾದಿಂದ ಬಂದ ಮರ ಅಂತ ಹೇಳಿ, ಹಾಗಾದರೆ ಅದು ನಮ್ಮ ಮರವಾ ಅಂತ ಮಕ್ಕಳನ್ನೇ ಕೇಳಿ. ಈ ಚರ್ಚೆ ನನಗೆ ತುಂಬಾ ಇಷ್ಟ.

ಹಾಲಿನ ಪ್ಯಾಕೆಟ್ಟಿಗೆ ತಳದಲ್ಲಿ ತೂತು ಮಾಡಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ತುಂಬಿದರೆ ಸಾಕು. ಬೀಜ ತೀರಾ ಆಳಕ್ಕೆ ಬೇಡ. ಪ್ರತಿ ಪ್ಯಾಕೆಟ್ಟಿಗೂ ಒಂದು ಮಗುವಿನ ಹೆಸರಿರಲಿ. ಯಾರದಾದರೂ ಸತ್ತರೆ ರಾತ್ರೋರಾತ್ರಿ ನೀವು ಬೇರೆ ಸಸಿ ತಂದಿಡಬೇಡಿ, ದಯವಿಟ್ಟು. ಇನ್ನೊಂದು ಬೀಜ ಕೊಡಿ.

ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಶಾಲೆಯಲ್ಲಿ ನೆಟ್ಟ ಎಷ್ಟೋ ಗಿಡ ಒಣಗುವುದು ಆ ಎರಡು ತಿಂಗಳಲ್ಲೇ. ಯಾರೂ ಇಲ್ಲ ಅಂದರೆ ಮಕ್ಕಳು ಮನೆಯ ಹಿತ್ತಲಿಗೋ ಹೊಲದ ಬದುವಿಗೋ ಒಯ್ಯಲಿ.

ಸದ್ಯಕ್ಕೆ ನೇರಳೆ ಹಣ್ಣಿನ ಕಾಲ ಇನ್ನೂ ಮುಗಿದಿಲ್ಲ. ನಿಮ್ಮೂರಿನ ಮರದಡಿಗೇ ಮಕ್ಕಳನ್ನು ಕರೆದುಕೊಂಡು ಹೋಗಿ, ಹಣ್ಣು ತಿಂದು ಅವತ್ತೇ ಬೀಜ ಊರಲಿ, ಇದೂ ಬೇವಿನ ಹಾಗೇ ಕಾಯುವ ಜಾತಿಯಲ್ಲ. ಎಷ್ಟೋ ಸಲ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತದೆ, ಆ ದಿನ ನೀವು ಪಾಠ ಮಾಡೋದು ಕಷ್ಟ.